ಗೋಟಿಂಗೆನ್‌ಗೆ ಬಯೋಫಿಸಿಕ್ಸ್ ಪಿಎಚ್‌ಡಿಗೆ ಬರುವವರಿಗೆ

ನೀವು ಕೇಳಿದ್ದು ಮೂರು ಪ್ರಶ್ನೆ. ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿ ಜರ್ಮನಿಯ ಗೋಟಿಂಗೆನ್‌ಗೆ ಬಯೋಫಿಸಿಕ್ಸ್ ಪಿಎಚ್‌ಡಿಗೆ ಬಂದರೆ ಜೀವಕೋಶದ ಕೆಲಸ ಕೈಗೆ ಹತ್ತುತ್ತದೆಯೇ? ಸಂಬಳದಲ್ಲಿ ಜೀವನ ಸಾಗುತ್ತದೆಯೇ? ಬಂದ ಹೊಸತರಲ್ಲಿ ಏನೇನು ಮಾಡಿಕೊಳ್ಳಬೇಕು? ಸಂಬಳದ ಮಾತು ಸುಲಭ, ಅದನ್ನು ಮೊದಲು ಮುಗಿಸೋಣ.

ಆಫರ್ ಪತ್ರದಲ್ಲಿ 'ಟಿವಿ-ಎಲ್ ಇ13, 65%' ಎಂದಿದ್ದರೆ ಅದು ರಾಜ್ಯ ಸರ್ಕಾರಿ ನೌಕರರ ವೇತನ ಶ್ರೇಣಿ. 2025ರ ಫೆಬ್ರವರಿಯ ಪರಿಷ್ಕರಣೆಯಂತೆ ಮೊದಲ ಹಂತದ ಪೂರ್ಣ ಸಂಬಳ ತಿಂಗಳಿಗೆ ಸುಮಾರು 4,630 ಯೂರೋ. ಅದರ 65% ಎಂದರೆ ಸುಮಾರು 3,000. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಕಳೆದು, ಮದುವೆಯಾಗದವರ ಕೈಗೆ ಬರುವುದು ಹೆಚ್ಚುಕಡಿಮೆ 2,000. ಗೋಟಿಂಗೆನ್ ಇರುವ ಲೋವರ್ ಸ್ಯಾಕ್ಸನಿ ರಾಜ್ಯದಲ್ಲಿ ಪೂರ್ಣಾವಧಿ ಎಂದರೆ ವಾರಕ್ಕೆ 39.8 ಗಂಟೆ, ಹಾಗಾಗಿ ಕಾಗದದ ಮೇಲೆ ನಿಮ್ಮದು ಸುಮಾರು 26 ಗಂಟೆಯ ಕೆಲಸ. ಲ್ಯಾಬ್‌ನಲ್ಲಿ ಅಷ್ಟಕ್ಕೆ ಮುಗಿಯುವುದಿಲ್ಲ. ಉಳಿದ ಹೊತ್ತು ನಿಮ್ಮ ಥೀಸಿಸ್‌ನದು ಎಂಬುದು ಇಲ್ಲಿನ ಲೆಕ್ಕ. ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆ ಹಿಡಿದರೆ ಒಬ್ಬರಿಗೆ ಈ ಹಣ ಸಾಲುತ್ತದೆ, ಊರಿಗೂ ಸ್ವಲ್ಪ ಕಳಿಸಬಹುದು. ಬಾಡಿಗೆ ಕೇಳುವಾಗ 'ವಾರ್ಮ್' ಎಷ್ಟು ಎಂದೇ ಕೇಳಿ, ಹೀಟಿಂಗ್ ಸೇರಿದ ಬಾಡಿಗೆ ಅದು. 'ಕಾಲ್ಟ್' ಬಾಡಿಗೆ ನೋಡಿ ಅಗ್ಗ ಎಂದುಕೊಂಡವರಿಗೆ ಚಳಿಗಾಲದ ಬಿಲ್ ಬಂದಾಗ ಕಷ್ಟವಾಗುತ್ತದೆ.

ಕೆಲಸದ ಒಪ್ಪಂದದ ಬದಲು ಸ್ಟೈಪೆಂಡ್ ಕೊಡುತ್ತೇವೆ ಎಂದರೆ ಎಚ್ಚರದಿಂದ ಓದಿ. ಸ್ಟೈಪೆಂಡ್‌ನಲ್ಲಿ ಆರೋಗ್ಯ ವಿಮೆಯನ್ನು ನೀವೇ ಕಟ್ಟಬೇಕು, ಪಿಂಚಣಿಗೂ ನಿರುದ್ಯೋಗ ವಿಮೆಗೂ ಒಂದು ಪೈಸೆ ಸೇರುವುದಿಲ್ಲ. ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಗಳು 2015ರಿಂದ ಪಿಎಚ್‌ಡಿಯವರನ್ನು ಒಪ್ಪಂದಕ್ಕೆ ಬದಲಾಯಿಸಿದ್ದು ಸುಮ್ಮನೆ ಅಲ್ಲ.

ಬಂದ ಮೇಲೆ ಮೊದಲ ಕೆಲಸ 'ಆನ್‌ಮೆಲ್ಡುಂಗ್', ಅಂದರೆ ವಿಳಾಸದ ನೋಂದಣಿ. ಮನೆ ಸೇರಿದ ಎರಡು ವಾರದೊಳಗೆ ಮಾಡಬೇಕು. ಅದಕ್ಕೆ ಮನೆ ಮಾಲೀಕರ ಸಹಿಯಿರುವ ದೃಢೀಕರಣ ಪತ್ರ ಬೇಕು, ಬರೀ ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಅದು ಸಂಬಳದ ಕಚೇರಿಗೆ ತಲುಪದಿದ್ದರೆ ನಿಮ್ಮನ್ನು ಆರನೇ ತೆರಿಗೆ ವರ್ಗಕ್ಕೆ ಹಾಕಿಬಿಡುತ್ತಾರೆ, ಮೊದಲ ಸಂಬಳ ಬಹಳ ಕಡಿಮೆಯಾಗುತ್ತದೆ. ಹೆಚ್ಚು ಮುರಿದದ್ದು ಆಮೇಲೆ ವಾಪಸ್ ಬರುತ್ತದೆ ನಿಜ, ಆದರೆ ಹಣದ ಅಗತ್ಯ ಹೆಚ್ಚಿರುವುದೇ ಆ ತಿಂಗಳಲ್ಲಿ. 'ನೋಂದಣಿ ಮಾಡಿಕೊಡಲ್ಲ' ಎನ್ನುವ ಕೋಣೆಯನ್ನು ಎಷ್ಟೇ ಅಗ್ಗವಾದರೂ ಹಿಡಿಯಬೇಡಿ. ನೋಂದಾಯಿಸಿದ ಮೇಲೆ ರೇಡಿಯೊ-ಟಿವಿ ಶುಲ್ಕದ ಪತ್ರ ಬರುತ್ತದೆ. ತಿಂಗಳಿಗೆ 18.36 ಯೂರೋ, ತಲೆಗಲ್ಲ, ಮನೆಗೆ. ಜೊತೆಗಿರುವವರಲ್ಲಿ ಒಬ್ಬರು ಆಗಲೇ ಕಟ್ಟುತ್ತಿದ್ದರೆ ಅವರ ಸಂಖ್ಯೆ ಬರೆದು ಕಳಿಸಿದರೆ ಸಾಕು.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಈ ಊರು ಬೆಳಕಿನ ಸೂಕ್ಷ್ಮದರ್ಶಕಕ್ಕೆ ಹೆಸರಾದದ್ದು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಸಣ್ಣ ವಿವರ ತೋರಿಸುವ ಸ್ಟೆಡ್ ವಿಧಾನಕ್ಕಾಗಿ 2014ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಪಡೆದ ಸ್ಟೆಫಾನ್ ಹೆಲ್ ಇಲ್ಲಿನವರು. ಜೀವಕೋಶದ ಒಂದೊಂದೇ ಅಯಾನ್ ಚಾನೆಲ್‌ನ (ಪೊರೆಯಲ್ಲಿ ಅಯಾನುಗಳು ಹಾಯುವ ರಂಧ್ರ) ವಿದ್ಯುತ್ ಅಳೆದು 1991ರಲ್ಲಿ ನೊಬೆಲ್ ಪಡೆದ ನೇಹರ್ ಮತ್ತು ಸಾಕ್ಮನ್ ಆ ಕೆಲಸ ಮಾಡಿದ್ದೂ ಇಲ್ಲೇ. ಇಂಥ ಜಾಗಕ್ಕೆ ಬರುವ ಫಿಸಿಕ್ಸ್‌ನವರು ಲೇಸರ್ ಕಲಿತರೆ ಸಾಕು, ಸ್ಯಾಂಪಲ್ ಬಯಾಲಜಿಯವರು ಮಾಡಿಕೊಡುತ್ತಾರೆ ಅಂದುಕೊಳ್ಳುತ್ತಾರೆ. ಹಾಗೆ ಅಂದುಕೊಂಡವರೇ ಮೂರನೇ ವರ್ಷದಲ್ಲಿ ಸಿಕ್ಕಿಬೀಳುತ್ತಾರೆ. ಸ್ಯಾಂಪಲ್ ನಿಮ್ಮ ಕೈಯಲ್ಲೇ ಆಗಬೇಕು. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ.

ಸ್ಟೆಡ್‌ನಲ್ಲಿ ಒಂದು ಲೇಸರ್ ಫ್ಲೋರೊಸೆಂಟ್ ಅಣುಗಳನ್ನು ಹೊಳೆಯಿಸುತ್ತದೆ. ಉದ್ದಿನ ವಡೆಯ ಆಕಾರದ ಎರಡನೇ ಲೇಸರ್ ಸುತ್ತಲಿನ ಹೊಳಪನ್ನು ನಂದಿಸುತ್ತದೆ, ನಡುವಿನ ತೂತಿನಲ್ಲಿರುವುದು ಮಾತ್ರ ಕಾಣುತ್ತದೆ. ನಂದಿಸುವ ಲೇಸರ್‌ನ ತೀವ್ರತೆ ಹೆಚ್ಚಿದಂತೆ ಚುಕ್ಕೆ ಕಿರಿದಾಗುತ್ತದೆ, ಆದರೆ ವರ್ಗಮೂಲದ ಲೆಕ್ಕದಲ್ಲಿ. 200 ನ್ಯಾನೊಮೀಟರ್ ಚುಕ್ಕೆಯನ್ನು 20ಕ್ಕೆ ಇಳಿಸಬೇಕಾದರೆ ಆ ತೀವ್ರತೆ, ಬಣ್ಣದ (ಆ ಹೊಳೆಯುವ ಅಣುಗಳ) ಹೊಳಪನ್ನು ನಂದಿಸಲು ಬೇಕಾದ ಮೂಲಮಟ್ಟದ ಸುಮಾರು 100 ಪಟ್ಟು ಇರಬೇಕು. ಅಷ್ಟು ಬೆಳಕಿಗೆ ಬಣ್ಣ ಸುಟ್ಟುಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ನೋಡಬೇಕಾದ ಪ್ರೋಟೀನ್‌ಗೆ ಗುರುತಾಗಿ ಅಂಟಿಸಿದ ಆಂಟಿಬಾಡಿಯೇ ಸುಮಾರು 10 ನ್ಯಾನೊಮೀಟರ್. ಅದರ ಮೇಲೆ ಬಣ್ಣವಿರುವ ಎರಡನೇ ಆಂಟಿಬಾಡಿ ಕೂತರೆ, ನೀವು ನೋಡುತ್ತಿರುವ ಚುಕ್ಕೆ ನಿಜವಾದ ಪ್ರೋಟೀನ್‌ನಿಂದ 20 ನ್ಯಾನೊಮೀಟರ್ ಆಚೆಗೂ ಇರಬಹುದು. ಯಂತ್ರವನ್ನು ಎಷ್ಟು ತಿದ್ದಿದರೂ ಇದು ಸರಿಹೋಗುವುದಿಲ್ಲ. ಒಂಟೆ ಜಾತಿಯ ಪ್ರಾಣಿಗಳಿಂದ ಬರುವ ಪುಟ್ಟ ನ್ಯಾನೊಬಾಡಿ ಬಳಸಿದರೆ ಆ ದೂರ ಮೂರು-ನಾಲ್ಕು ನ್ಯಾನೊಮೀಟರ್‌ಗೆ ಇಳಿಯುತ್ತದೆ. ಅದನ್ನು ತೀರ್ಮಾನಿಸಬೇಕಾದವರು ಲೇಸರ್ ಗೊತ್ತಿದ್ದು ಸ್ಯಾಂಪಲ್ಲನ್ನೂ ಮಾಡುವವರು.

ಇನ್ನೊಂದು ಉದಾಹರಣೆ ಫಿಕ್ಸ್ ಮಾಡುವುದು, ಅಂದರೆ ರಾಸಾಯನಿಕದಿಂದ ಕೋಶವನ್ನು ಇದ್ದ ಸ್ಥಿತಿಯಲ್ಲೇ ನಿಲ್ಲಿಸುವುದು. 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ ಇಟ್ಟರೆ ಕೋಶ ಸಾಯುತ್ತದೆ, ಆದರೆ ಪೊರೆಯ ಮೇಲಿನ ಕೆಲವು ಪ್ರೋಟೀನ್‌ಗಳು ಆಗಲೂ ಓಡಾಡುತ್ತಿರುತ್ತವೆ. ಆಂಟಿಬಾಡಿ ಹಾಕಿದಾಗ ಅವು ಗುಂಪುಗೂಡುತ್ತವೆ. ಹೊಸ 'ನ್ಯಾನೊ ಕ್ಲಸ್ಟರ್' ಸಿಕ್ಕಿತೆಂದು ಸಂತೋಷಪಟ್ಟು ತಿಂಗಳುಗಟ್ಟಲೆ ಅಳೆದ ಮೇಲೆ ಅದು ನಮ್ಮ ಕೈಯ ತಪ್ಪೆಂದು ಗೊತ್ತಾಗುತ್ತದೆ. 0.1ರಿಂದ 0.2% ಗ್ಲುಟರಾಲ್ಡಿಹೈಡ್ ಸೇರಿಸಿದರೆ ಅವು ಗಟ್ಟಿಯಾಗಿ ನಿಲ್ಲುತ್ತವೆ. ಆದರೆ ಅದು ತಾನೇ ಹೊಳೆಯುವುದರಿಂದ ಸೋಡಿಯಂ ಬೋರೋಹೈಡ್ರೈಡ್‌ನಿಂದ ತಣಿಸಬೇಕು. ಕೋಶಗಳಿರುವ ತೆಳು ಗಾಜು, ಅಂದರೆ ಕವರ್‌ಸ್ಲಿಪ್, 0.17 ಮಿಲಿಮೀಟರ್ ದಪ್ಪದ್ದೇ ಆಗಿರಲಿ. ಆಯಿಲ್ ಆಬ್ಜೆಕ್ಟಿವ್‌ನಲ್ಲಿ (ಎಣ್ಣೆ ಹಾಕಿ ಬಳಸುವ ಲೆನ್ಸ್) ನೀರಿನಂಥ ಮಾಧ್ಯಮದ ಒಳಗೆ ಆಳಕ್ಕೆ ಹೋದಷ್ಟೂ ವಡೆಯ ತೂತು ಮಸುಕಾಗುತ್ತದೆ.

ಪ್ರತಿಸಲ ಅಳೆಯುವ ಮುನ್ನ ಚಿನ್ನದ ಸೂಕ್ಷ್ಮ ಕಣಗಳ ಸ್ಲೈಡ್ ಇಟ್ಟು ಎರಡೂ ಲೇಸರ್‌ಗಳ ನಡು ಒಂದೇ ಜಾಗದಲ್ಲಿ ಕೂತಿದೆಯೇ ನೋಡಿ. ಕೆಲವೇ ಹತ್ತು ನ್ಯಾನೊಮೀಟರ್ ಸರಿದರೂ ಚಿತ್ರ ಮಂಕಾಗುತ್ತದೆ, ಸ್ಪಷ್ಟತೆ ಹೆಚ್ಚುವುದಿಲ್ಲ. ಆಗ ಹೊಸಬರು ಲೇಸರ್ ಪವರ್ ಏರಿಸುತ್ತಾರೆ, ಅದೇ ತಪ್ಪು. ಜೀವಂತ ಕೋಶ ನೋಡುವುದಾದರೆ 37 ಡಿಗ್ರಿಯ ಛೇಂಬರ್ ಒಂದೆರಡು ಗಂಟೆ ಮುಂಚೆಯೇ ಹಾಕಿಡಿ, ಇಲ್ಲದಿದ್ದರೆ ಆಬ್ಜೆಕ್ಟಿವ್ ಬಿಸಿಯಾಗುತ್ತಾ ಫೋಕಸ್ ಜಾರುತ್ತಲೇ ಇರುತ್ತದೆ.

ಕೋಶಗಳ ವಾರ ನಿಮ್ಮ ವಾರ ಆಗುತ್ತದೆ. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಬೆಳೆಸುವ ಹೀಲಾದಂಥ ಕೋಶಗಳು ದಿನಕ್ಕೊಮ್ಮೆ ಇಮ್ಮಡಿಯಾಗುತ್ತವೆ, ಎರಡು-ಮೂರು ದಿನಕ್ಕೆ ಬಿಡಿಸಿ ಬೇರೆ ತಟ್ಟೆಗೆ ಹಾಕಬೇಕು. ಮಂಗಳವಾರ ಕವರ್‌ಸ್ಲಿಪ್ ಮೇಲೆ ಬಿಟ್ಟು, ಬುಧವಾರ ಡಿಎನ್‌ಎ ಹಾಕಿ, ಗುರುವಾರ ಮೈಕ್ರೋಸ್ಕೋಪ್ ಬುಕ್ ಮಾಡಿದರೆ ಭಾನುವಾರ ಉಳಿಯುತ್ತದೆ. ಭಾನುವಾರ ಲ್ಯಾಬ್‌ಗೆ ಹೋಗಬೇಕಾದರೆ ಶನಿವಾರವೇ ಅಕ್ಕಿ-ಬೇಳೆ ತಂದಿಟ್ಟುಕೊಳ್ಳಿ, ಇಲ್ಲಿ ಅಂದು ಅಂಗಡಿಗಳು ಮುಚ್ಚಿರುತ್ತವೆ. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸಿ. ಆ ಸೋಂಕು ಕಣ್ಣಿಗೆ ಕಾಣುವುದಿಲ್ಲ, ಕೋಶಗಳ ನಡವಳಿಕೆಯನ್ನೇ ಕೆಡಿಸುತ್ತದೆ.

ಹೀಗೆ ಫಿಸಿಕ್ಸ್, ಬಯಾಲಜಿ ಎರಡು ಲ್ಯಾಬ್‌ಗಳ ನಡುವೆ ಕೆಲಸ ಮಾಡುವಾಗ ದೊಡ್ಡ ತೊಂದರೆ, ಯಾರಿಗೂ ನೀವು ಪೂರ್ತಿ ಅವರವರಲ್ಲ ಅನಿಸುವುದು. ಇಲ್ಲಿನ ಜಿಜಿಎನ್‌ಬಿ ಎಂಬ ಪದವಿ ಶಾಲೆಯಲ್ಲಿ ಪ್ರತಿಯೊಬ್ಬರಿಗೂ ಮೂವರ ಸಲಹಾ ಸಮಿತಿ ಇರುತ್ತದೆ. ನಿಮ್ಮ ಗೈಡ್ ಅಲ್ಲದ ಒಬ್ಬರನ್ನಾದರೂ ಕೋಶವಿಜ್ಞಾನದವರನ್ನೇ ಆರಿಸಿ, ವರ್ಷದ ಸಭೆಯನ್ನು ಮುಂದೂಡಬೇಡಿ. ಗೈಡ್‌ಗೂ ನಿಮಗೂ ಮಾತು ಕೂಡದ ದಿನ ಬಂದರೆ ಅವರೇ ಆಸರೆ. ಶಾಲೆಯ ಕೆಲವು ದಿನಗಳ ಮೆಥಡ್ಸ್ ಕೋರ್ಸ್‌ಗಳಲ್ಲಿ ಬೇಡವೆನಿಸಿದ್ದನ್ನೇ ಮೊದಲು ತೆಗೆದುಕೊಳ್ಳಿ. ಫಿಸಿಕ್ಸ್‌ನವರಿಗೆ ಅದು ಸೆಲ್ ಕಲ್ಚರ್, ಅಂದರೆ ಕೋಶ ಬೆಳೆಸುವುದು.

ಹೊರಡಲು ಇನ್ನೂ ಕೆಲವು ತಿಂಗಳು ಇದ್ದರೆ ಬೆಂಗಳೂರಿನ ಯಾವುದಾದರೂ ಕೋಶವಿಜ್ಞಾನದ ಲ್ಯಾಬ್‌ನಲ್ಲಿ ಹುಡ್ (ಸೋಂಕು ತಗಲದಂತೆ ಕೋಶದ ಕೆಲಸ ಮಾಡುವ ಗಾಜಿನ ಮರೆಯ ಮೇಜು) ಮುಂದೆ ಕೂತು ಪೈಪೆಟ್ ಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ. ವೀಸಾ ಅರ್ಜಿ ಹೇಗೂ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ಗೇ ಹೋಗುತ್ತದೆ, ಒಪ್ಪಂದದ ಪ್ರತಿ ಕೈಗೆ ಬಂದ ದಿನವೇ ಅಪಾಯಿಂಟ್‌ಮೆಂಟ್ ಹುಡುಕಿ. ಸಹಿ ಹಾಕುವ ಮುನ್ನ ಗೈಡ್‌ಗೆ ಒಂದು ಇಮೇಲ್ ಬರೆದು ಇಷ್ಟು ಕೇಳಿ: ಮೈಕ್ರೋಸ್ಕೋಪ್‌ನಲ್ಲಿ ನನಗೆ ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ, ಕೋಶಗಳನ್ನು ಬೆಳೆಸುವ ಕೋಣೆ ಅದೇ ಕಟ್ಟಡದಲ್ಲಿದೆಯೇ, ನನಗೆ ಅದನ್ನು ಕಲಿಸುವವರು ಯಾರು.