ತೋರಿಸುವುದು ಬೇರೆ, ಮಾರುವುದು ಬೇರೆ: ಗ್ಯಾಜೆಟ್ ಪ್ರಿಯರ ಪ್ರಶ್ನೆಗಳಿಗೆ ಉತ್ತರ

ತಂತ್ರಜ್ಞಾನ ಮೇಳಗಳು ಮತ್ತು ಹೊಸ ಸಾಧನಗಳ ಮೋಹದ ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಪ್ರತಿ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ನಡೆಯುವ ಸಿಇಎಸ್ ಎಂಬ ಎಲೆಕ್ಟ್ರಾನಿಕ್ಸ್ ಮೇಳದ ಸುದ್ದಿಯನ್ನು ನಿದ್ದೆಗೆಟ್ಟು ಓದುವವನು ನಾನು. ಅಲ್ಲಿ ಕಂಡು ಮೆಚ್ಚಿದ ವಸ್ತುಗಳ ಪಟ್ಟಿಯನ್ನೂ ಬರೆದಿಟ್ಟುಕೊಂಡಿದ್ದೇನೆ. ಈಗ ತಿರುವಿ ನೋಡಿದರೆ ಅವುಗಳಲ್ಲಿ ಬಹಳಷ್ಟು ಅಂಗಡಿಗೆ ಬರಲೇ ಇಲ್ಲ. ಇದು ಮೋಸವಲ್ಲವೇ? ಬರುವಂಥದ್ದು ಯಾವುದು, ಬಾರದಿರುವುದು ಯಾವುದು ಎಂದು ಮೊದಲೇ ಗುರುತಿಸಲು ಸಾಧ್ಯವೇ?

ಉತ್ತರ: ಮೋಸ ಎನ್ನುವುದಕ್ಕೆ ಮೊದಲು, ಆ ವಸ್ತುವನ್ನು ಯಾರ ಕಣ್ಣಿಗೆ ಬೀಳಲೆಂದು ಅಲ್ಲಿ ಇಟ್ಟಿದ್ದಾರೆ ಎಂಬುದನ್ನು ವಿಚಾರಿಸಬೇಕು. ಸಿಇಎಸ್ ನಡೆಯುವುದು ಮುಖ್ಯವಾಗಿ ಅಂಗಡಿ ಸರಪಳಿಗಳ ಖರೀದಿದಾರರು, ಬಿಡಿಭಾಗ ತಯಾರಕರು, ಹೂಡಿಕೆದಾರರು ಮತ್ತು ಪತ್ರಕರ್ತರಿಗಾಗಿ. ನೀವು, ನಾನು ಅದನ್ನು ಕಿಟಕಿಯಾಚೆ ನಿಂತು ನೋಡುವವರು. 2018ರ ಮೇಳದಲ್ಲಿ ಎಲ್‌ಜಿ ಡಿಸ್‌ಪ್ಲೇ ಸಂಸ್ಥೆ ಚಾಪೆಯಂತೆ ಸುರುಳಿ ಸುತ್ತಿಕೊಳ್ಳುವ 65 ಇಂಚಿನ ಪರದೆಯನ್ನು ತೋರಿಸಿತು. ಆ ಸಂಸ್ಥೆಯ ಕಸುಬು ಟಿವಿ ಮಾರುವುದಲ್ಲ, ಟಿವಿ ತಯಾರಕರಿಗೆ ಪರದೆ ಮಾರುವುದು. ಮರುವರ್ಷ ಅದೇ ಬಳಗದ ಎಲ್‌ಜಿ ಎಲೆಕ್ಟ್ರಾನಿಕ್ಸ್ ಅದನ್ನು ಪೂರ್ಣ ಪ್ರಮಾಣದ ಟಿವಿಯಾಗಿ ಪ್ರಕಟಿಸಿತು. ಅದು ದಕ್ಷಿಣ ಕೊರಿಯಾದ ಮಾರುಕಟ್ಟೆಗೆ ಇಳಿದದ್ದು 2020ರ ಅಕ್ಟೋಬರ್‌ನಲ್ಲಿ, ಬೆಲೆ 10 ಕೋಟಿ ವಾನ್. ಮಾತು ಉಳಿಸಿಕೊಂಡರು ಎನ್ನಬಹುದಾದರೂ ಆ ಬೆಲೆಗೆ ಅದು ಬಂದದ್ದೂ ಬಾರದಿದ್ದದ್ದೂ ಹೆಚ್ಚುಕಡಿಮೆ ಒಂದೇ.

ನಿಮ್ಮ ಪಟ್ಟಿ ಎಷ್ಟು ಹಿಂದಕ್ಕೆ ಹೋಗುತ್ತದೆಯೋ ತಿಳಿಯದು; 2006 ಮತ್ತು 2007ರ ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಪ್ರಶ್ನೆಯ ತಿರುಳು ಸಿಗುತ್ತದೆ. 2006ರಲ್ಲಿ ಕ್ಯಾನನ್ ಮತ್ತು ತೋಷಿಬಾ ಜೊತೆಗೂಡಿ ಎಸ್‌ಇಡಿ ಎಂಬ ಹೊಸ ಬಗೆಯ ಪರದೆಯನ್ನು ತೋರಿಸಿದವು. ಹಳೆಯ ಪಿಕ್ಚರ್ ಟ್ಯೂಬಿನ ತತ್ತ್ವವನ್ನೇ ಚಪ್ಪಟೆಯಾಗಿಸಿ, ಪ್ರತಿಯೊಂದು ಚುಕ್ಕಿಗೂ ತನ್ನದೇ ಸಣ್ಣ ಎಲೆಕ್ಟ್ರಾನ್ ಮೂಲವನ್ನು ಕೊಟ್ಟಿದ್ದ ಆ ಪರದೆಯ ಕಪ್ಪು ಬಣ್ಣವನ್ನು ನೋಡಿದವರೆಲ್ಲ ಕೊಂಡಾಡಿದರು. ಮರುವರ್ಷ ಸೋನಿ ಇಟ್ಟಿದ್ದ ಸಾಧನಗಳ ನಡುವೆ ಬರೀ 11 ಇಂಚಿನ ಒಂದು ಒಎಲ್‌ಇಡಿ (ಪ್ರತಿ ಚುಕ್ಕಿಯೂ ತಾನೇ ಬೆಳಗುವ ಪರದೆಯ) ಟಿವಿ ಇತ್ತು. ಎರಡರಲ್ಲಿ ಒಂದನ್ನು ಆರಿಸಿ ಎಂದಿದ್ದರೆ ಯಾವ ಗ್ಯಾಜೆಟ್ ಪ್ರಿಯನಾದರೂ ಮೊದಲನೆಯದಕ್ಕೇ ಕೈ ಚಾಚುತ್ತಿದ್ದ. ಆದರೆ ಸೋನಿಯ ಪುಟ್ಟ ಟಿವಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಜಪಾನಿನ ಅಂಗಡಿಗಳಲ್ಲಿತ್ತು. ಎಸ್‌ಇಡಿ ಪೇಟೆಂಟ್ ವ್ಯಾಜ್ಯದಲ್ಲಿ ಸಿಕ್ಕಿಕೊಂಡು, ಅಷ್ಟರಲ್ಲಿ ಎಲ್‌ಸಿಡಿ ಟಿವಿಗಳ ಬೆಲೆ ಕುಸಿಯುತ್ತಲೇ ಹೋಗಿ, 2010ರಲ್ಲಿ ಕೈಬಿಟ್ಟುಹೋಯಿತು. ಕಾರ್ಖಾನೆ ಇಂದು ಮಾಡಬಲ್ಲಷ್ಟನ್ನು ಮಾತ್ರ ತೋರಿಸುವವರ ವಸ್ತು ನೋಡಲು ಸಪ್ಪೆಯಾಗಿರುವುದೇ ಹೆಚ್ಚು, ಮತ್ತು ಬರುವುದೂ ಅದೇ.

ಗುರುತಿಸುವ ದಾರಿಯ ಬಗ್ಗೆ ಹೇಳುವುದಾದರೆ, ನಾನು ಮೊದಲು ನೋಡುವುದು ವಸ್ತು ಗಾಜಿನ ಒಳಗಿದೆಯೇ, ಬಂದವರ ಕೈಗೆ ಕೊಡುತ್ತಿದ್ದಾರೆಯೇ ಎಂಬುದನ್ನು. ಎರಡನೆಯದು ತಿಂಗಳು ಮತ್ತು ಬೆಲೆ: ಎರಡನ್ನೂ ಹೇಳಿದವರನ್ನು ನಂಬಬಹುದು, ಒಂದನ್ನು ಹೇಳಿದವರಿಗಾಗಿ ಕಾಯಬಹುದು, ಯಾವುದನ್ನೂ ಹೇಳದೆ ‘ಶೀಘ್ರದಲ್ಲಿ’ ಎಂದವರ ವಸ್ತುವನ್ನು ನೋಡಿ ಸಂತೋಷಪಟ್ಟು ಮರೆತುಬಿಡಬಹುದು. ಬಹಳ ಮಂದಿ ಗಮನಿಸದ ಇನ್ನೊಂದು ಸುಳಿವು ಇದೆ. ಅಮೆರಿಕದ ಸಂವಹನ ಆಯೋಗವಾದ ಎಫ್‌ಸಿಸಿಯ ನಿಯಮದಂತೆ, ರೇಡಿಯೋ ತರಂಗ ಹೊಮ್ಮಿಸುವ ಸಾಧನಕ್ಕೆ ಇನ್ನೂ ಅನುಮತಿ ದೊರೆತಿಲ್ಲದಿದ್ದರೆ, ಅದನ್ನು ಮೇಳದಲ್ಲಿ ಇಡಬಹುದು, ಆದರೆ ಅನುಮತಿ ಸಿಗುವ ತನಕ ಇದನ್ನು ಮಾರುವಂತಿಲ್ಲ ಎಂಬ ಸೂಚನೆಯನ್ನು ಎದ್ದುಕಾಣುವಂತೆ ಹಾಕಬೇಕು. ಮಳಿಗೆಯ ಚಿತ್ರಗಳ ಮೂಲೆಯಲ್ಲಿ ಕಾಣುವ ಆ ಪುಟ್ಟ ಫಲಕ, ಬಣ್ಣಬಣ್ಣದ ಪತ್ರಿಕಾ ಪ್ರಕಟಣೆಗಿಂತ ಹೆಚ್ಚು ನಿಜ ಹೇಳುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು, ಆ ವಸ್ತು ಗೆಲ್ಲಲು ಬೇರೆ ಯಾರು ಯಾರು ಒಪ್ಪಬೇಕು ಎಂಬ ಪ್ರಶ್ನೆ. ಡಿವಿಡಿ 1996ರ ಮೇಳದಲ್ಲಿ ಕಾಣಿಸಿಕೊಂಡು ಜಗತ್ತನ್ನೇ ವ್ಯಾಪಿಸಿತಷ್ಟೆ. ಅದಕ್ಕೆ ಕಾರಣ, ಅದರ ಹಿಂದಿನ ವರ್ಷವೇ ಪೈಪೋಟಿಯ ಎರಡು ಬಣಗಳು ಜಗಳ ನಿಲ್ಲಿಸಿ ಒಂದೇ ನಮೂನೆಗೆ ಒಪ್ಪಿದ್ದವು. ಅದರ ಉತ್ತರಾಧಿಕಾರಿಯ ವಿಷಯದಲ್ಲಿ ಆ ಒಪ್ಪಂದ ಆಗಲಿಲ್ಲ; ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎಂಬ ಎರಡು ಬಗೆಯ ಡಿಸ್ಕ್‌ಗಳು ಪೈಪೋಟಿಗಿಳಿದವು. 2008ರ ಮೇಳಕ್ಕೆ ಕೆಲವೇ ದಿನ ಇರುವಾಗ, ಜನವರಿ 4ರಂದು, ಸಿನಿಮಾ ಸಂಸ್ಥೆ ವಾರ್ನರ್ ಬ್ರದರ್ಸ್ ತಾನು ಇನ್ನು ಬ್ಲೂ-ರೇ ಪಕ್ಷ ಎಂದು ಸಾರಿತು. ಪ್ರತಿಪಕ್ಷದ ಎಚ್‌ಡಿ ಡಿವಿಡಿ ಬಣ ಮೇಳದಲ್ಲಿ ಕರೆದಿದ್ದ ಪತ್ರಿಕಾಗೋಷ್ಠಿಯನ್ನೇ ರದ್ದುಪಡಿಸಿತು, ಫೆಬ್ರವರಿ 19ಕ್ಕೆ ಆ ಬಣದ ಮುಂದಾಳು ತೋಷಿಬಾ ಶಸ್ತ್ರ ಕೆಳಗಿಟ್ಟಿತು. ಯಂತ್ರದಲ್ಲಿ ದೋಷವಿರಲಿಲ್ಲ, ಅದಕ್ಕೆ ಹಾಕಲು ಸಿನಿಮಾ ಉಳಿಯಲಿಲ್ಲ. 2010ರ ಮೇಳದಲ್ಲಿ ಎಲ್ಲ ಮಳಿಗೆಗಳಲ್ಲೂ ಮೆರೆದ ತ್ರೀಡಿ ಟಿವಿಯ ಗತಿಯೂ ಇದೇ ಜಾತಿಯದು. ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕುಳಿತುಕೊಳ್ಳಲು ಜನ ಒಪ್ಪಲಿಲ್ಲ, ಅದಕ್ಕಾಗಿ ಕಾರ್ಯಕ್ರಮ ತಯಾರಿಸಲು ವಾಹಿನಿಗಳೂ ಒಪ್ಪಲಿಲ್ಲ. 2017ರ ಹೊತ್ತಿಗೆ ಕೊನೆಯ ದೊಡ್ಡ ತಯಾರಕರೂ ಅದನ್ನು ಕೈಬಿಟ್ಟರು.

ಪಟ್ಟಿಯನ್ನು ಹರಿದು ಹಾಕಬೇಡಿ. ಬಾರದ ವಸ್ತುಗಳ ಪಕ್ಕದಲ್ಲಿ ಏಕೆ ಬರಲಿಲ್ಲ ಎಂಬುದನ್ನೂ ಬರೆಯುತ್ತ ಹೋಗಿ. ಬಂದವುಗಳ ಪಟ್ಟಿಗಿಂತ ಅದು ಸ್ವಾರಸ್ಯಕರವಾಗಿರುತ್ತದೆ.

ಪ್ರಶ್ನೆ: ಯಾವ ಕಂಪನಿಗೂ ಸೇರದ, ಬರೀ ಆಸಕ್ತಿಯಿಂದ ನೋಡುವ ನನ್ನಂಥವರು ಇಂಥ ಮೇಳಗಳಿಗೆ ಹೋಗಬಹುದೇ?

ಉತ್ತರ: ಲಾಸ್ ವೇಗಸ್‌ಗೆ ಹೋಗುವಂತಿಲ್ಲ, ಬರ್ಲಿನ್‌ಗೆ ಹೋಗಬಹುದು. ಸಿಇಎಸ್ ಹುಟ್ಟಿದ್ದೇ ವ್ಯಾಪಾರಿಗಳ ಸಂತೆಯಾಗಿ. ಷಿಕಾಗೋದ ಸಂಗೀತ ಸಲಕರಣೆಗಳ ಮೇಳದಿಂದ ಬೇರ್ಪಟ್ಟು 1967ರ ಜೂನ್‌ನಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ಬಾರಿಗೆ ನಡೆದಾಗ ಬಂದವರು ಸುಮಾರು 17,500 ಮಂದಿ. ಇಂದಿಗೂ ಹೆಸರು ನೋಂದಾಯಿಸಬೇಕಾದರೆ ಈ ಉದ್ಯಮದೊಡನೆ ನಿಮಗೆ ಸಂಬಂಧವಿದೆ ಎಂಬುದಕ್ಕೆ ಪುರಾವೆ ಕೊಡಬೇಕು, ವಯಸ್ಸು 18 ತುಂಬಿರಬೇಕು.

ಬರ್ಲಿನ್ನಿನ ಐಎಫ್‌ಎ ಮೇಳದ ಸಂಪ್ರದಾಯ ಇದಕ್ಕೆ ತದ್ವಿರುದ್ಧ. 1924ರ ಡಿಸೆಂಬರ್‌ನಲ್ಲಿ ರೇಡಿಯೋ ಪ್ರದರ್ಶನವಾಗಿ ಆರಂಭವಾದ ಅದಕ್ಕೆ ಜನಸಾಮಾನ್ಯರು ಮೊದಲಿನಿಂದಲೂ ಟಿಕೆಟ್ ಕೊಂಡು ಹೋಗುತ್ತಾರೆ. ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಫಿಲಿಪ್ಸ್ ಜಗತ್ತಿಗೆ ತೋರಿಸಿದ್ದು 1963ರಲ್ಲಿ ಅಲ್ಲಿಯೇ. 1967ರ ಆಗಸ್ಟ್ 25ರಂದು ಆಗಿನ ವಿದೇಶಾಂಗ ಸಚಿವ ವಿಲ್ಲಿ ಬ್ರಾಂಟ್ ಅಲ್ಲಿ ಕೆಂಪು ಗುಂಡಿಯೊಂದನ್ನು ಒತ್ತಿ ಪಶ್ಚಿಮ ಜರ್ಮನಿಯ ಬಣ್ಣದ ಟಿವಿ ಪ್ರಸಾರವನ್ನು ಉದ್ಘಾಟಿಸಿದರು. ತಂತ್ರಜ್ಞರೊಬ್ಬರ ಅವಸರದಿಂದಾಗಿ ಅವರ ಬೆರಳು ಗುಂಡಿಗೆ ತಗಲುವ ಮೊದಲೇ ಪರದೆಯಲ್ಲಿ ಬಣ್ಣ ಬಂದುಬಿಟ್ಟಿತು ಎಂಬುದು ಈ ಮೇಳಗಳ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗ. ಇದೇ ಮೇಳವನ್ನು 1930ರಲ್ಲಿ ಉದ್ಘಾಟಿಸಿದ ಐನ್‌ಸ್ಟೈನ್, ವಿಜ್ಞಾನದ ಅದ್ಭುತಗಳನ್ನು ಏನೂ ತಿಳಿಯದೆ ಬಳಸುವವರು, ತಾನು ಸವಿದು ಮೇಯುವ ಗಿಡದ ಸಸ್ಯಶಾಸ್ತ್ರ ಅರಿಯದ ಹಸುವಿನಂತೆ, ನಾಚಿಕೆಪಡಬೇಕು ಎಂಬರ್ಥದ ಮಾತು ಹೇಳಿದ್ದರು. ಟಿಕೆಟ್ ಕೊಂಡು ಬಂದ ಸಭಿಕರಿಗೆ ಉದ್ಘಾಟಕರು ಹೀಗೆ ಚುಚ್ಚುವ ಕಾಲ ಈಗಿಲ್ಲ. ಮೇಳ ನಡೆಯುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಆರಂಭದಲ್ಲಿ.

ಪ್ರಶ್ನೆ: ಮೇಳದಲ್ಲಿ, ಅಂಗಡಿಯಲ್ಲಿ ಕಣ್ಣು ಕೋರೈಸುವ ಟಿವಿ ಮನೆಗೆ ತಂದೊಡನೆ ಕಳೆಗುಂದುವುದೇಕೆ? ನಮಗೆ ಬೇರೆ ಮಾಲು ಕೊಡುತ್ತಾರೆಯೇ?

ಉತ್ತರ: ಮಾಲು ಅದೇ, ಸನ್ನಿವೇಶ ಬೇರೆ. ಮೇಳದ ಮಳಿಗೆಯಲ್ಲಿ ಬೆಳಕನ್ನು ಬೇಕೆಂದೇ ತಗ್ಗಿಸಿರುತ್ತಾರೆ, ಪರದೆಯಲ್ಲಿ ಓಡುವ ದೃಶ್ಯವನ್ನು ಆ ಪರದೆಗೆಂದೇ ಚಿತ್ರೀಕರಿಸಿರುತ್ತಾರೆ. ಕಪ್ಪು ಹಿನ್ನೆಲೆಯ ಮೇಲೆ ನಿಧಾನವಾಗಿ ಸುರಿಯುವ ಬಣ್ಣ, ಹೂವಿನ ಮೇಲಿನ ಹನಿ, ಇರುಳಿನ ನಗರ: ಇವುಗಳಲ್ಲಿ ಯಾವುದೂ ವೇಗವಾಗಿ ಚಲಿಸುವುದಿಲ್ಲ ಎಂಬುದನ್ನು ಗಮನಿಸಿ, ಏಕೆಂದರೆ ಪರದೆಯ ದೌರ್ಬಲ್ಯಗಳು ಬಯಲಾಗುವುದು ಚಲನೆಯಲ್ಲಿ. ಅಂಗಡಿಯಲ್ಲಾದರೆ ಸುತ್ತಲಿನ ಪ್ರಖರ ದೀಪಗಳನ್ನು ಮೀರಿಸಲು ಹೊಳಪನ್ನೂ ಬಣ್ಣವನ್ನೂ ಗರಿಷ್ಠ ಮಟ್ಟಕ್ಕೆ ಏರಿಸಿ, ಬಿಳುಪಿಗೆ ನೀಲಿ ಛಾಯೆ ಕೊಟ್ಟಿರುತ್ತಾರೆ. ಮನೆಯಲ್ಲಿ ನೀವು ಹಾಕುವುದು ಸಂಕುಚಿಸಿ ಕಳುಹಿಸಿದ ಪ್ರಸಾರವನ್ನು. ವಾಹಿನಿ ಕಳುಹಿಸುವ ಚಿತ್ರದಲ್ಲಿ 1920×1080 ಚುಕ್ಕಿಗಳೋ ಅದಕ್ಕಿಂತ ಕಡಿಮೆಯೋ ಇರುವಾಗ, 3840×2160 ಚುಕ್ಕಿಗಳ ಪರದೆ ಉಳಿದದ್ದನ್ನು ಊಹಿಸಿ ತುಂಬಬೇಕಾಗುತ್ತದೆ.

ಪರಿಹಾರ ಸುಲಭ. ಸೆಟ್ಟಿಂಗ್ಸ್‌ನಲ್ಲಿ ‘ವಿವಿಡ್’ ಅಥವಾ ‘ಡೈನಾಮಿಕ್’ ಎಂದಿರುವುದನ್ನು ಬಿಟ್ಟು ‘ಸಿನಿಮಾ’ ಆಯ್ಕೆಗೆ ಹೋಗಿ. 2019ರಲ್ಲಿ ಪ್ರಕಟವಾದ ‘ಫಿಲ್ಮ್‌ಮೇಕರ್ ಮೋಡ್’ ನಿಮ್ಮ ಟಿವಿಯಲ್ಲಿದ್ದರೆ ಇನ್ನೂ ಒಳ್ಳೆಯದು. ಚಲನೆಯನ್ನು ಕೃತಕವಾಗಿ ನಯಗೊಳಿಸುವ ಸಂಸ್ಕರಣೆಯನ್ನು ಅದು ತಾನೇ ನಿಲ್ಲಿಸುತ್ತದೆ. ಒಂದೆರಡು ದಿನ ಚಿತ್ರ ಹಳದಿಯಾಗಿ, ಮಂಕಾಗಿ ಕಾಣುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಮೊದಲಿನದು ಅತಿಯಾಗಿತ್ತೆಂದು ನಿಮಗೇ ಅನ್ನಿಸುತ್ತದೆ.

ಪ್ರಶ್ನೆ: ದೊಡ್ಡ ಕಂಪನಿಗಳು ತಮ್ಮದೇ ಸಮಾರಂಭ ನಡೆಸಿ, ಅದನ್ನು ನೇರವಾಗಿ ಪ್ರಸಾರ ಮಾಡುವ ಈ ದಿನಗಳಲ್ಲಿ ಮೇಳಗಳಿಗೆ ಭವಿಷ್ಯವಿದೆಯೇ?

ಉತ್ತರ: ಸಾಯುವ ಮೇಳಗಳು ಸತ್ತಿವೆ. 1979ರಲ್ಲಿ ಲಾಸ್ ವೇಗಸ್‌ನಲ್ಲೇ ಆರಂಭವಾಗಿ ಕಂಪ್ಯೂಟರ್ ಲೋಕದ ಮಹಾಜಾತ್ರೆಯೆನಿಸಿದ್ದ ಕಾಮ್‌ಡೆಕ್ಸ್ 2003ರ ನಂತರ ನಡೆಯಲಿಲ್ಲ. ವಿಡಿಯೋ ಗೇಮ್‌ಗಳ ಇ3 ಮುಗಿಯಿತೆಂದು 2023ರ ಡಿಸೆಂಬರ್‌ನಲ್ಲಿ ಅಧಿಕೃತವಾಗಿ ಘೋಷಿಸಲಾಯಿತು. ನೀವು ಹೇಳುವ ಬದಲಾವಣೆಯನ್ನು ಒಂದೇ ಕಂಪನಿಯ ನಡೆಯಲ್ಲಿ ಕಾಣಬಹುದು. 1992ರಲ್ಲಿ ಆ್ಯಪಲ್ ತನ್ನ ನ್ಯೂಟನ್ ಎಂಬ ಅಂಗೈ ಸಾಧನವನ್ನು ಪರಿಚಯಿಸಿದ್ದು ಷಿಕಾಗೋದ ಸಿಇಎಸ್‌ನಲ್ಲಿ, ಆಗ ಈ ಮೇಳ ವರ್ಷಕ್ಕೆರಡು ಬಾರಿ ನಡೆಯುತ್ತಿತ್ತು. 2007ರ ಜನವರಿ 9ರಂದು ಐಫೋನ್ ತೋರಿಸುವಾಗ ಅದೇ ಕಂಪನಿ ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯನ್ನು ಆರಿಸಿಕೊಂಡಿತ್ತು. ಲಾಸ್ ವೇಗಸ್‌ನಲ್ಲಿ ಸಿಇಎಸ್ ನಡೆಯುತ್ತಿದ್ದದ್ದು ಅದೇ ವಾರ. ಆ ವಾರದ ಸುದ್ದಿಯೆಲ್ಲ ಯಾವ ಊರಿನಿಂದ ಬಂತೆಂದು ಬೇರೆ ಹೇಳಬೇಕಿಲ್ಲ.

ಹಾಗಿದ್ದೂ, 2021ರಲ್ಲಿ ಪೂರ್ತಿ ಆನ್‌ಲೈನ್ ಆಗಿ ನಡೆದ ಸಿಇಎಸ್ ಮತ್ತೆ ಚೇತರಿಸಿಕೊಂಡು 2025ರಲ್ಲಿ 1 ಲಕ್ಷ 40 ಸಾವಿರಕ್ಕೂ ಹೆಚ್ಚು ಮಂದಿಯನ್ನು ಸೆಳೆಯಿತು. ಕಾರಣ ದೊಡ್ಡವರಲ್ಲ, ಸಣ್ಣವರು. ಜಗತ್ತನ್ನೇ ತನ್ನ ಸಮಾರಂಭಕ್ಕೆ ಕರೆಸಿಕೊಳ್ಳುವ ಶಕ್ತಿಯಿಲ್ಲದ, ನಾಲ್ಕೈದು ಜನ ಸೇರಿ ಕಟ್ಟಿದ ಕಂಪನಿಗೆ, ನೂರಾರು ಖರೀದಿದಾರರು ತಾವಾಗಿಯೇ ಮೇಜಿನ ಮುಂದೆ ಹಾದುಹೋಗುವ ಜಾಗ ಇನ್ನೆಲ್ಲಿ ಸಿಕ್ಕೀತು? ನವೋದ್ಯಮಗಳಿಗೆಂದು 2012ರಿಂದ ಮೀಸಲಾಗಿರುವ ಯುರೇಕಾ ಪಾರ್ಕ್ ವಿಭಾಗವೇ ಈಗ ಆ ಮೇಳದ ಜೀವಾಳ ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ವಸ್ತುಗಳಲ್ಲಿ ಅರ್ಧದಷ್ಟು ಹಾಸ್ಯಾಸ್ಪದವಾಗಿ ಕಾಣಬಹುದು, ಆದರೆ ಮಾಡಿದವರೇ ಎದುರಿಗೆ ನಿಂತು ಉತ್ತರ ಕೊಡುತ್ತಾರೆ. ನೇರಪ್ರಸಾರದ ಸಮಾರಂಭದಲ್ಲಿ ಪ್ರಶ್ನೆ ಕೇಳುವ ಅವಕಾಶವೂ ಇಲ್ಲ, ಅನಿರೀಕ್ಷಿತವೂ ಇಲ್ಲ. 2018ರ ಮೇಳದ ಎರಡನೆಯ ದಿನ ಮುಖ್ಯ ಸಭಾಂಗಣದಲ್ಲಿ ಸುಮಾರು ಎರಡು ಗಂಟೆ ಕರೆಂಟ್ ಹೋಗಿ, ಗೋಡೆಯಗಲದ ಪರದೆಗಳೆಲ್ಲ ಒಟ್ಟಿಗೆ ಕಪ್ಪಾದದ್ದನ್ನು ಯಾವ ಕಂಪನಿಯೂ ತನ್ನ ಸಮಾರಂಭದಲ್ಲಿ ನಮಗೆ ತೋರಿಸಲಾರದು.

ಪ್ರಶ್ನೆ: ನನ್ನ ಪತಿಗೆ ಹೊಸ ಸಾಧನ ಕಂಡರೆ ಕೊಳ್ಳದೆ ಇರಲಾಗದು, ಹಳೆಯದನ್ನು ಬಿಡಲೂ ಮನಸ್ಸಿಲ್ಲ. ಕಪಾಟಿನ ತುಂಬ ಹಳೆಯ ಫೋನು, ಕ್ಯಾಮೆರಾ, ಹಾಡು ಕೇಳುವ ಪ್ಲೇಯರ್‌ಗಳಿವೆ. ಇದು ಒಂದು ಬಗೆಯ ಕಾಯಿಲೆಯೇ? ಇವುಗಳನ್ನು ಮನೆಯಲ್ಲಿಡುವುದು ಅಪಾಯವೇ?

ಉತ್ತರ: ಮನೆಯ ಖರ್ಚಿಗೆ ಕತ್ತರಿ ಬೀಳದಿದ್ದರೆ ಕಾಯಿಲೆ ಎನ್ನಲಾರೆ. ಅವರು ಕೊಂಡದ್ದನ್ನು ಬಿಚ್ಚಿ ನೋಡಿ, ಬಳಸಿ, ಅದರ ಗುಣದೋಷಗಳನ್ನು ಗಂಟೆಗಟ್ಟಲೆ ಹೇಳಬಲ್ಲವರಾದರೆ ಅದು ಹವ್ಯಾಸ. ಡಬ್ಬಿ ತೆರೆದ ವಾರದಲ್ಲೇ ಮುಂದಿನದರ ಜಪ ಶುರುವಾಗುತ್ತಿದ್ದರೆ ಅವರ ಪ್ರೀತಿ ಕೊಳ್ಳುವುದರ ಮೇಲೆ, ಸಾಧನದ ಮೇಲಲ್ಲ. ಆಗ ಹೊಸದು ಬರಬೇಕಾದರೆ ಕಪಾಟಿನಿಂದ ಒಂದು ಹೋಗಬೇಕು ಎಂಬ ಕರಾರನ್ನು ನೀವಿಬ್ಬರೂ ಕೂತು ಮಾಡಿಕೊಳ್ಳಿ.

ಅಪಾಯದ ಪ್ರಶ್ನೆಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೆಯ ಫೋನುಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿ ಪೂರ್ತಿ ತುಂಬಿಸಿ ಬಿಸಿಯಾದ ಜಾಗದಲ್ಲಿಟ್ಟರೂ ಕೆಡುತ್ತದೆ, ಪೂರ್ತಿ ಬರಿದಾಗಿ ಬಹುಕಾಲ ಬಿದ್ದಿದ್ದರೂ ಕೆಡುತ್ತದೆ. ಇಟ್ಟುಕೊಳ್ಳಲೇಬೇಕೆಂದಿದ್ದರೆ ಸುಮಾರು ಅರ್ಧ ಚಾರ್ಜ್ ಮಾಡಿ, ಸ್ವಿಚ್ ಆಫ್ ಮಾಡಿ, ತಂಪಾದ ಒಣ ಜಾಗದಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಹಿಂಬದಿಯ ಮುಚ್ಚಳ ಉಬ್ಬಿದೆ, ಪರದೆ ಮೇಲೆದ್ದಿದೆ ಎಂದಾದರೆ ಬ್ಯಾಟರಿಯೊಳಗೆ ಅನಿಲ ತುಂಬಿದೆ ಎಂದರ್ಥ. ಅದನ್ನು ಮತ್ತೆ ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು, ಕಸದ ಬುಟ್ಟಿಗೂ ಹಾಕಬಾರದು. ಬೇಗ ಹತ್ತಿಕೊಳ್ಳುವ ವಸ್ತುಗಳಿಂದ ದೂರವಿಟ್ಟು, ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಮೊದಲೇ ತಿಳಿಸಿ ಒಪ್ಪಿಸಬೇಕು. 2022ರಲ್ಲಿ ಜಗತ್ತಿನಲ್ಲಿ ಉಂಟಾದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಹೋದದ್ದೆಂದು ದಾಖಲಾಗಿರುವುದು ಕಾಲು ಭಾಗಕ್ಕಿಂತ ಕಡಿಮೆ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ, ಆದ್ದರಿಂದ ನಿಮ್ಮ ಕಪಾಟಿನದು ಸರಿಯಾದ ಕೈಗೆ ಸೇರಿತೇ ಎಂದು ವಿಚಾರಿಸಿಕೊಳ್ಳಿ. ಕೊಡುವ ಮೊದಲು ಫೋನಿನಲ್ಲಿರುವ ಚಿತ್ರ, ಖಾತೆಗಳನ್ನೆಲ್ಲ ಅಳಿಸಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಸಾಮಾನ್ಯ ಸೆಲ್ ಹಾಕುವ ಪ್ಲೇಯರ್, ಕ್ಯಾಮೆರಾಗಳಿದ್ದರೆ ಸೆಲ್‌ಗಳನ್ನು ಇಂದೇ ಹೊರತೆಗೆಯಿರಿ. ಆಲ್ಕಲೈನ್ ಸೆಲ್‌ಗಳು ಸೋರಿದಾಗ ಹೊರಬರುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಳಗಿನ ಲೋಹದ ಪಟ್ಟಿಗಳನ್ನು ತಿಂದುಹಾಕುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಈ ಕೆಲಸವನ್ನು ನಿಮ್ಮ ಪತಿಗೇ ವಹಿಸಿ, ಸಂತೋಷದಿಂದ ಮಾಡುತ್ತಾರೆ.