ಅಡುಗೆಯ ಮೊದಲ ಪುಸ್ತಕ

ಪ್ರಶ್ನೆ: ಮಗನಿಗೆ ಕಾರವಾರದಲ್ಲಿ ನೌಕರಿ ಸಿಕ್ಕಿದೆ. ಬಾಡಿಗೆ ರೂಮು, ಒಂದು ಗ್ಯಾಸ್ ಒಲೆ, 3 ಲೀಟರಿನ ಕುಕ್ಕರ್ ಇದೆ. ಈವರೆಗೆ ಚಹಾ ಕೂಡ ಮಾಡಿದವನಲ್ಲ. ಎಂಥ ಅಡುಗೆ ಪುಸ್ತಕ ಕೊಡಿಸಲಿ? ಮೀನಿನ ಅಡುಗೆಯೂ ಕಲಿಯಬೇಕಂತೆ.
– ಓದುಗರೊಬ್ಬರು, ಶಿರಸಿ

ಉತ್ತರ: ಅಂಗಡಿಯಲ್ಲಿ ಚಿತ್ರ ನೋಡುತ್ತ ನಿಲ್ಲಬೇಡಿ, ನೇರ ಅನ್ನದ ಪುಟ ತೆಗೆಯಿರಿ. ಆ ಪುಟವೇ ಇಲ್ಲವೆಂದರೆ ಅದು ಅಡುಗೆ ಬಲ್ಲವರಿಗಾಗಿ ಬರೆದ ಪುಸ್ತಕ. ಇದ್ದರೆ, ಬೆಳ್ತಿಗೆಗೂ ಕುಚ್ಚಲಕ್ಕಿಗೂ ಬೇರೆ ಬೇರೆ ವಿಧಾನ ಹೇಳಿದೆಯೇ ನೋಡಿ. ಸೋನಾ ಮಸೂರಿಯಂಥ ಬೆಳ್ತಿಗೆಗೆ ಕುಕ್ಕರಿನಲ್ಲಿ ಲೋಟಕ್ಕೆ ಎರಡೂವರೆ ಲೋಟ ನೀರು, ಮೂರು ಸೀಟಿ ಸಾಕು. ಕುಚ್ಚಲಕ್ಕಿಯನ್ನು ಪಾತ್ರೆಯಲ್ಲಿ ಧಾರಾಳ ನೀರಿಟ್ಟು ಮುಕ್ಕಾಲು ಗಂಟೆಯಾದರೂ ಬೇಯಿಸಿ ಗಂಜಿ ಬಸಿಯಬೇಕು. ಎರಡಕ್ಕೂ ಒಂದೇ ಅಳತೆ ಹಿಡಿದರೆ ಒಂದು ಮುದ್ದೆಯಾಗುತ್ತದೆ, ಇಲ್ಲವೇ ಇನ್ನೊಂದು ಬೇಯದೆ ಉಳಿಯುತ್ತದೆ.

ಆಮೇಲೆ ಸಾರಿನ ಪುಟ. ‘ರುಚಿಗೆ ತಕ್ಕಷ್ಟು ಉಪ್ಪು’ ಎಂದರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ. ಚಮಚವೆಂದರೆ 5 ಮಿ.ಲೀ. ಚಹಾ ಚಮಚವೋ, 15 ಮಿ.ಲೀ. ದೊಡ್ಡ ಚಮಚವೋ ಎಂಬುದು ಆರಂಭದಲ್ಲೇ ಇರಬೇಕು. ಅದು ಅದಲುಬದಲಾದರೆ ಉಪ್ಪು ಮೂರು ಪಟ್ಟು!

ಅಳತೆಗಿಂತಲೂ ನಾವು ಒತ್ತಿ ಹೇಳುವುದು ಕ್ರಮ ಮತ್ತು ಕಾರಣ. ತೊಗರಿಬೇಳೆ ಪೂರ್ತಿ ಬೆಂದ ಮೇಲೆಯೇ ಹುಣಸೆಹುಳಿ ಹಾಕಬೇಕು. ಮೊದಲೇ ಹಾಕಿದರೆ ಹುಳಿಯಲ್ಲಿ ಬೇಳೆ ಮೆತ್ತಗಾಗದು, ಎಷ್ಟು ಸೀಟಿ ಹೊಡೆಸಿದರೂ ಅಷ್ಟೇ. ಒಂದೆಲಗದ ತಂಬುಳಿಗೆ ಜೀರಿಗೆ, ಕಾಳುಮೆಣಸು ತುಪ್ಪದಲ್ಲಿ ಹುರಿದು, ಸೊಪ್ಪು ಬಾಡಿಸಿ, ಆರಿದ ಮೇಲೆ ಕಾಯಿತುರಿ ಸೇರಿಸಿ ಬೀಸಿ ಮಜ್ಜಿಗೆ ಬೆರೆಸಬೇಕು. ಬೆರೆಸಿದ ಮೇಲೆ ಕುದಿಸಿದರೆ ಮಜ್ಜಿಗೆ ಒಡೆಯುತ್ತದೆ. ಹೀಗೆ ‘ಯಾಕೆ’ ಎಂಬುದನ್ನೂ ಬರೆದ ಪುಸ್ತಕ ಕಂಡರೆ ಬೆಲೆ ತುಸು ಹೆಚ್ಚಿದ್ದರೂ ಕೊಳ್ಳಿ.

ಮೀನಿಗೆಂದೇ ಬೇರೆ ಪುಸ್ತಕ ಈಗಲೇ ಬೇಡ. ಕೊಳ್ಳುವ ದಿನ ಬಂದಾಗ ಬಂಗಡೆ ಸಾರಿನ ಪುಟ ಓದಿ. ಮಸಾಲೆ ಚೆನ್ನಾಗಿ ಕುದಿದ ಮೇಲೆ ಮೀನು ಹಾಕಿ, ಏಳೆಂಟು ನಿಮಿಷ ಸಣ್ಣ ಉರಿಯಲ್ಲಿಟ್ಟು, ಸೌಟು ಆಡಿಸದೆ ಪಾತ್ರೆಯನ್ನೇ ಹಿಡಿದು ತಿರುಗಿಸಿ ಎಂದಿರಬೇಕು. ಸೌಟಾಡಿಸಿದರೆ ಹೋಳು ಪುಡಿಯಾಗುತ್ತದೆ.

ಇನ್ನೊಂದು, ಅಳತೆ ಇಬ್ಬರಿಗೆ ಇರಲಿ. ಆರು ಜನರ ಅಳತೆ ನೋಡಿ ಆ ಪುಟ್ಟ ಕುಕ್ಕರಿನಲ್ಲಿ ಬೇಳೆ, ನೀರು ಅರ್ಧಕ್ಕಿಂತ ಮೇಲೆ ತುಂಬಿದರೆ ನೊರೆಯುಕ್ಕಿ ಸೀಟಿಯ ತೂತು ಕಟ್ಟಿಕೊಳ್ಳುತ್ತದೆ. ಇದನ್ನು ಮಗನಿಗೆ ಇವತ್ತೇ ಹೇಳಿಡಿ.