ಕ್ಯಾಬಿನೆಟ್ ಮೋಲ್ಡಿಂಗ್ ಮೂಲೆಯಲ್ಲಿ ತೂತು ಬೀಳುತ್ತಿದ್ದರೆ

ಸ್ಕೆಚ್‌ಅಪ್ ಎಂಬ 3ಡಿ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಗೋಡೆ ಕ್ಯಾಬಿನೆಟ್ ಮೇಲೆ ಫಾಲೋ ಮೀ (ಒಂದು ಆಕಾರವನ್ನು ಗೆರೆಯುದ್ದಕ್ಕೂ ಎಳೆಯುವ ಸಾಧನ) ಬಳಸಿ ಮೋಲ್ಡಿಂಗ್ (ಅಲಂಕಾರದ ಅಂಚುಪಟ್ಟಿ) ಎಳೆದರೆ ಮೂಲೆಯಲ್ಲಿ ತೂತು ಬೀಳುತ್ತಿದೆ ಅಂತ ಕೇಳಿದ್ದೀರಿ. ನನಗೂ ಹೀಗೇ ಆಗುತ್ತಿತ್ತು. ಜಾಸ್ತಿ ಸಲ ಇದು ಅಳತೆಯ ಸಮಸ್ಯೆ. ಮೋಲ್ಡಿಂಗ್‌ನ ಬಾಗಿದ ಭಾಗದಲ್ಲಿ ಗೆರೆಗಳು ಸುಮಾರು 1 ಮಿಲಿಮೀಟರ್‌ಗಿಂತ ಚಿಕ್ಕದಾದರೆ ಸ್ಕೆಚ್‌ಅಪ್ ಅಲ್ಲಿ ಮುಖ (ಗೆರೆಗಳ ನಡುವಿನ ಮೇಲ್ಮೈ) ಕಟ್ಟದೆ ಬಿಟ್ಟುಬಿಡುತ್ತದೆ.

ಪ್ರೊಫೈಲ್ (ಮೋಲ್ಡಿಂಗ್‌ನ ಅಡ್ಡ ಸೀಳಿನ ಆಕಾರ) ಮತ್ತು ಅದು ಸಾಗುವ ಗೆರೆ ಎರಡನ್ನೂ ಒಟ್ಟಿಗೆ 100 ಪಟ್ಟು ದೊಡ್ಡದು ಮಾಡಿ. ಫಾಲೋ ಮೀ ಓಡಿಸಿ, ಗ್ರೂಪ್ ಮಾಡಿ, ಆಮೇಲೆ 0.01ಕ್ಕೆ ಇಳಿಸಿ. ಒಮ್ಮೆ ಕಟ್ಟಿದ ಮುಖ ಚಿಕ್ಕದಾದರೂ ಒಡೆಯುವುದಿಲ್ಲ. ಕಮಾನಿನ ಸೆಗ್ಮೆಂಟ್ (ಬಾಗಿದ ಗೆರೆಯನ್ನು ಮಾಡುವ ಚಿಕ್ಕ ನೇರ ಗೆರೆಗಳು) ಮೊದಲಿಂದಲೇ 12 ಇರುತ್ತದೆ. ಇಷ್ಟು ಸಣ್ಣ ಮೋಲ್ಡಿಂಗ್‌ಗೆ 6 ಸಾಕು, ಫೈಲೂ ಹಗುರ.

ಸಾಗುವ ಗೆರೆಯನ್ನು ಕ್ಯಾಬಿನೆಟ್ ಅಂಚಿನಿಂದಲೇ ತೆಗೆದುಕೊಳ್ಳಬೇಡಿ. ಬೇರೆಯಾಗಿ, ಕಡಿಯದ ಒಂದೇ ಗೆರೆ ಎಳೆಯಿರಿ. ಪ್ರೊಫೈಲ್ ಆ ಗೆರೆಯ ತುದಿಯಲ್ಲಿ, ಅದಕ್ಕೆ ನೇರ ಅಡ್ಡವಾಗಿ ನಿಂತಿರಲಿ. ಓರೆಯಾಗಿದ್ದರೆ ಆಕಾರವೇ ಕೆಡುತ್ತದೆ.

ಇನ್ನೊಂದು ಮಾತು. ಬಾಗಿಲನ್ನು ತೆರೆದ ಸ್ಥಿತಿಯಲ್ಲೂ ಒಮ್ಮೆ ಬರೆದು ನೋಡಿ. ಮೋಲ್ಡಿಂಗ್ ಕೆಳಕ್ಕೆ ಇಳಿದಿದ್ದರೆ ಬಾಗಿಲಿನ ಮೇಲಂಚು ಅದಕ್ಕೆ ತಾಗುತ್ತದೆ. ಮುಚ್ಚಿದ ಚಿತ್ರದಲ್ಲಿ ಇದು ಕಾಣುವುದೇ ಇಲ್ಲ ಅಲ್ವಾ?